ಮಳಿಗೆ ಎದ್ದು ಹೋದರೆ ಊರೆಲ್ಲಿಗೆ ಹೋಗಬೇಕು?

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಪಶ್ಚಿಮ ಭಾಗದಲ್ಲಿ ಗ್ರೀನ್‌ಫೀಲ್ಡ್ ಎಂಬ ಸಣ್ಣ ಊರಿದೆ. ಜನಸಂಖ್ಯೆ ಹದಿನೆಂಟು ಸಾವಿರದ ಆಸುಪಾಸು. 1993ರಲ್ಲಿ ವಾಲ್‌ಮಾರ್ಟ್ ಕಂಪನಿ ಅಲ್ಲೊಂದು ದೊಡ್ಡ ಮಳಿಗೆ ಕಟ್ಟಲು ಮುಂದೆ ಬಂತು. ಅದಕ್ಕೆ ಬೇಕಾಗಿದ್ದ ಜಮೀನು ಕೈಗಾರಿಕೆಗೆಂದು ಮೀಸಲಾಗಿದ್ದುದರಿಂದ ಅದನ್ನು ವಾಣಿಜ್ಯ ಬಳಕೆಗೆ ಬದಲಿಸಿಕೊಡಬೇಕಿತ್ತು. ಊರಿನ ಚುನಾಯಿತ ಮಂಡಳಿ ಬದಲಿಸಿಯೂ ಕೊಟ್ಟಿತು. ನಿವಾಸಿಗಳು ಸುಮ್ಮನಿರಲಿಲ್ಲ. ಸಹಿ ಸಂಗ್ರಹಿಸಿ, ಮಂಡಳಿಯ ತೀರ್ಮಾನವನ್ನು ಜನರ ಮತಕ್ಕೇ ಹಾಕಿಸಿದರು. ಅಕ್ಟೋಬರಿನಲ್ಲಿ ಎಣಿಕೆ ಮುಗಿದಾಗ ಒಂಬತ್ತೇ ಮತಗಳ ಅಂತರದಲ್ಲಿ ಭೂಬಳಕೆಯ ಬದಲಾವಣೆ ಬಿದ್ದುಹೋಗಿತ್ತು. ಆ ಚಳವಳಿಯ ಮುಂಚೂಣಿಯಲ್ಲಿದ್ದ ಅಲ್ ನಾರ್ಮನ್ ಮುಂದೆ ಇಂಥದೇ ಪ್ರಶ್ನೆ ಎದುರಾದ ನೂರಾರು ಊರುಗಳಿಗೆ ಸಲಹೆಗಾರರಾದರು. ಒಂಬತ್ತು ಮತ ಎಂದರೆ ಊರು ಸರಿಸುಮಾರು ಎರಡು ಹೋಳಾಗಿತ್ತು ಎಂದೇ ಅರ್ಥ. ಬೇಡ ಎಂದವರಷ್ಟೇ ಜನ ಬೇಕು ಎಂದಿದ್ದರು. ಹಾಗಾಗಿ ಇಲ್ಲಿ ಒಂದು ಕಡೆಗೆ ಒಳ್ಳೆಯವರು, ಇನ್ನೊಂದು ಕಡೆಗೆ ಕೆಟ್ಟವರು ಎಂದು ಗೆರೆ ಎಳೆಯಲಾಗದು. ಆದರೂ ಬೇಡ ಎಂದವರ ವಾದಕ್ಕೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲ ಎಂಬುದು ನನ್ನ ಅಭಿಪ್ರಾಯ. ಇಂಥ ವಿರೋಧವನ್ನು ಹಳೆಯದರ ಮೋಹ, ಅಂಗಡಿಯವರ ಹೊಟ್ಟೆಕಿಚ್ಚು, ಅಭಿವೃದ್ಧಿಯ ದ್ವೇಷ ಎಂದು ತಳ್ಳಿಹಾಕುವುದು ರೂಢಿ. ಅದರ ಒಳಗೆ ಇರುವುದು ಗಟ್ಟಿಯಾದ ಒಂದು ಲೆಕ್ಕಾಚಾರ. ಕಂಪನಿ ಯಾವ ವರ್ಷ ಬೇಕಾದರೂ ಬಾಗಿಲು ಹಾಕಿ ಹೊರಡಬಹುದು. ಊರು ಮಾತ್ರ ಇದ್ದಲ್ಲೇ ಇರಬೇಕು. ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಹಿಂದಿರುಗುವ ದಾರಿ ಇರುವ ಒಪ್ಪಂದದಲ್ಲಿ, ದಾರಿ ಇಲ್ಲದವರು ಮೊದಲೇ ಪೂರ್ತಿ ಲೆಕ್ಕ ಕೇಳುವುದು ನ್ಯಾಯ.

ಈ ಮಳಿಗೆಗಳ ಸ್ವರೂಪ ತಿಳಿದರೆ ಜಗಳದ ಮೂಲ ತಿಳಿಯುತ್ತದೆ. ಅಮೆರಿಕನ್ನರು ಬಿಗ್ ಬಾಕ್ಸ್ ಎಂದು ಕರೆಯುವ ಅಂಗಡಿ ಕಿಟಕಿಗಳೇ ಇಲ್ಲದ, ಒಂದೇ ಅಂತಸ್ತಿನ, ಒಂದೂವರೆ ಲಕ್ಷ ಚದರಡಿಯ ಆಜುಬಾಜಿನ ಕಟ್ಟಡ. ಅದರ ಮುಂದೆ ಅದಕ್ಕಿಂತಲೂ ಅಗಲವಾದ ಡಾಂಬರಿನ ಬಯಲು, ಕಾರು ನಿಲ್ಲಿಸಲು. ಇಷ್ಟು ಜಾಗ ಹಳೆಯ ಪೇಟೆಬೀದಿಯಲ್ಲಿ ಸಿಗುವುದಿಲ್ಲ, ಸಿಕ್ಕರೂ ದುಬಾರಿ. ಆದ್ದರಿಂದ ಮಳಿಗೆ ಊರಾಚೆ, ಹೆದ್ದಾರಿಯ ಕೂಡುರಸ್ತೆಯ ಬಳಿ, ಬಹುಮಟ್ಟಿಗೆ ಹೊಲ ಇದ್ದ ನೆಲದಲ್ಲಿ ಏಳುತ್ತದೆ. ಅಲ್ಲಿಗೆ ರಸ್ತೆ ಅಗಲವಾಗಬೇಕು, ಸಿಗ್ನಲ್ ಬೇಕು, ನೀರು ಮತ್ತು ಒಳಚರಂಡಿಯ ಕೊಳವೆ ಎಳೆಯಬೇಕು, ಮಳೆನೀರು ಹರಿದುಹೋಗಲು ದಾರಿ ಮಾಡಬೇಕು, ಪೊಲೀಸರು ಒಂದು ಸುತ್ತು ಹೆಚ್ಚು ತಿರುಗಬೇಕು. ಕೆಲವನ್ನು ಕಂಪನಿಯೇ ಮಾಡಿಸಿಕೊಡುತ್ತದೆ. ಮುಂದಿನ ನಲವತ್ತು ವರ್ಷ ಅವನ್ನು ನೋಡಿಕೊಳ್ಳುವ ಹೊಣೆ ಊರಿನದು. ಇತ್ತ ಪೇಟೆಬೀದಿಯಲ್ಲಿ ಇದೇ ರಸ್ತೆ, ಇದೇ ಕೊಳವೆ, ಇದೇ ಬೀದಿದೀಪಕ್ಕೆ ಜನರು ಆಗಲೇ ದುಡ್ಡು ಕೊಟ್ಟಾಗಿದೆ. ಗಿರಾಕಿ ಅಲ್ಲಿಂದ ಇಲ್ಲಿಗೆ ಸರಿದರೆ ಒಂದೇ ವ್ಯಾಪಾರಕ್ಕೆ ಎರಡು ಕಡೆ ಖರ್ಚು ಮಾಡಿದಂತಾಗುತ್ತದೆ.

ಗಿರಾಕಿ ಸರಿಯುತ್ತಾನೆಯೇ, ಅಥವಾ ವ್ಯಾಪಾರವೇ ಒಟ್ಟಾರೆ ಬೆಳೆಯುತ್ತದೆಯೇ? ಇದನ್ನು ಊಹೆಯ ಬದಲು ಅಂಕಿ-ಅಂಶ ಹಿಡಿದು ಮೊದಮೊದಲು ನೋಡಿದವರು ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ಕೆನೆತ್ ಸ್ಟೋನ್. 1980ರ ದಶಕದಲ್ಲಿ ವಾಲ್‌ಮಾರ್ಟ್ ಅಯೋವಾದ ಸಣ್ಣ ಊರುಗಳಿಗೆ ಒಂದಾದ ಮೇಲೊಂದರಂತೆ ಬರತೊಡಗಿದಾಗ, ಅವರು ರಾಜ್ಯದ ಮಾರಾಟ ತೆರಿಗೆಯ ದಾಖಲೆಗಳನ್ನು ಕೂಡಿಸಿ ನೋಡಿದರು. ಅವರಿಗೆ ಕಂಡದ್ದು ಒಂದೇ ಬಣ್ಣದ ಚಿತ್ರವಲ್ಲ. ಮಳಿಗೆ ಬಂದ ಊರಿಗೆ ಸುತ್ತಲಿನಿಂದ ಜನ ಬಂದರು, ಒಟ್ಟು ವಹಿವಾಟು ಏರಿತು. ಹೋಟೆಲಿನವರಿಗೂ ಮಳಿಗೆಯಲ್ಲಿ ಸಿಗದ ಸರಕು ಮಾರುವವರಿಗೂ ಲಾಭವೇ ಆಯಿತು. ಅದೇ ಸರಕು ಮಾರುತ್ತಿದ್ದವರು ಸೊರಗಿದರು. ಎಲ್ಲಕ್ಕಿಂತ ಹೆಚ್ಚಿನ ಪೆಟ್ಟು ಬಿದ್ದದ್ದು ಮಳಿಗೆಯೇ ಬಾರದ ಪಕ್ಕದ ಊರುಗಳಿಗೆ. ಅವುಗಳಿಗೆ ತೆರಿಗೆಯೂ ಇಲ್ಲ, ಕೆಲಸವೂ ಇಲ್ಲ, ಇದ್ದ ಗಿರಾಕಿಯೂ ಇಲ್ಲ. 1983ರಿಂದ 1993ರವರೆಗಿನ ಹತ್ತು ವರ್ಷಗಳಲ್ಲಿ ಅಯೋವಾ 555 ದಿನಸಿ ಅಂಗಡಿಗಳನ್ನು, 298 ಹಾರ್ಡ್‌ವೇರ್ ಅಂಗಡಿಗಳನ್ನು ಕಳೆದುಕೊಂಡಿತೆಂದು ಸ್ಟೋನ್ ಲೆಕ್ಕ ಕೊಟ್ಟರು. ಇದನ್ನೆಲ್ಲ ಒಂದೇ ಕಂಪನಿಯ ತಲೆಗೆ ಕಟ್ಟುವುದು ತಪ್ಪು. ಅದೇ ದಶಕದಲ್ಲಿ ಅಯೋವಾದ ರೈತರು ಸಾಲದ ಸುಳಿಗೆ ಸಿಕ್ಕಿ ಹಳ್ಳಿಗಳು ಬರಿದಾಗಿದ್ದವು, ಹೊಲ ಕಳೆದುಕೊಂಡವನು ಸುತ್ತಿಗೆ ಮೊಳೆ ಕೊಳ್ಳಲು ಎಲ್ಲಿಗೂ ಹೋಗುವುದಿಲ್ಲ. ಆದರೆ ಸ್ಟೋನ್ ತೋರಿಸಿದ ಒಂದು ಸಂಗತಿ ಅಲುಗದೆ ನಿಲ್ಲುತ್ತದೆ. ಜನಸಂಖ್ಯೆ ಬೆಳೆಯದ ಕಡೆ ಜನರ ಕೈಯಲ್ಲಿ ಖರ್ಚಿಗಿರುವ ಹಣ ಅಷ್ಟೇ. ದೊಡ್ಡ ಮಳಿಗೆಯ ವ್ಯಾಪಾರದ ಬಹುಪಾಲು ಇನ್ನಾರದೋ ಗಲ್ಲಾಪೆಟ್ಟಿಗೆಯಿಂದಲೇ ಬರಬೇಕು.

ಕೆಲಸದ ಮಾತಿಗೆ ಬಂದರೆ ಪಂಡಿತರಲ್ಲೇ ಭಿನ್ನಾಭಿಪ್ರಾಯವಿದೆ, ಅದನ್ನು ಮುಚ್ಚಿಡಬೇಕಿಲ್ಲ. ಅರ್ಥಶಾಸ್ತ್ರಜ್ಞೆ ಎಮೆಕ್ ಬಾಸ್ಕರ್ 2005ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ವಾಲ್‌ಮಾರ್ಟ್ ಬಂದ ವರ್ಷ ಒಂದು ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕದ, ಚಿಲ್ಲರೆ ವ್ಯಾಪಾರದಲ್ಲಿ ಸುಮಾರು 100 ಕೆಲಸಗಳು ಹೆಚ್ಚುತ್ತವೆ. ಮುಂದಿನ ಐದು ವರ್ಷಗಳಲ್ಲಿ ಬೇರೆ ಅಂಗಡಿಗಳು ಮುಚ್ಚಿ ಅದರಲ್ಲಿ ಅರ್ಧ ಕರಗುತ್ತದೆ, ಸಗಟು ವ್ಯಾಪಾರದಲ್ಲಿ ಇನ್ನೊಂದಿಪ್ಪತ್ತು ಹೋಗುತ್ತವೆ. ಡೇವಿಡ್ ನ್ಯೂಮಾರ್ಕ್ ಮತ್ತು ಸಂಗಡಿಗರು 2008ರಲ್ಲಿ ಬೇರೊಂದು ವಿಧಾನದಿಂದ ಲೆಕ್ಕ ಹಾಕಿದಾಗ ಉತ್ತರ ತಲೆಕೆಳಗಾಯಿತು. ಮಳಿಗೆಯ ಒಬ್ಬ ನೌಕರ ಉಳಿದ ಅಂಗಡಿಗಳ 1.4 ನೌಕರರ ಜಾಗ ತೆಗೆದುಕೊಳ್ಳುತ್ತಾನೆ ಎಂದು ಅವರು ಕಂಡರು. ಈ ಜಟಾಪಟಿಗೆ ಒಂದು ತೊಡಕಿನ ಕಾರಣವಿತ್ತು. ಕಂಪನಿ ಎಲ್ಲೆಂದರಲ್ಲಿ ಮಳಿಗೆ ತೆರೆಯುವುದಿಲ್ಲ, ಬೆಳೆಯುವ ಲಕ್ಷಣವಿರುವ ಊರನ್ನೇ ಆರಿಸುತ್ತದೆ. ಹಾಗಾದರೆ ಮಳಿಗೆ ಬಂದ ಊರನ್ನು ಯಾವ ಊರಿನ ಜೊತೆ ಹೋಲಿಸುವುದು? ಜಸ್ಟಿನ್ ವಿಲ್ಟ್‌ಶೈರ್ ಎಂಬ ಅರ್ಥಶಾಸ್ತ್ರಜ್ಞ ಇತ್ತೀಚೆಗೆ ಇದಕ್ಕೊಂದು ಜಾಣ ದಾರಿ ಹುಡುಕಿದರು. ಕಂಪನಿ ಬರಲು ಬಯಸಿತ್ತು, ಆದರೆ ಜನರ ವಿರೋಧದಿಂದ ಬರಲಾಗಲಿಲ್ಲ ಎಂಬಂಥ ಕೌಂಟಿಗಳನ್ನೇ ಅವರು ಹೋಲಿಕೆಗೆ ತೆಗೆದುಕೊಂಡರು. ಕಂಪನಿಯ ಕಣ್ಣಿಗೆ ಎರಡೂ ಬಗೆಯ ಕೌಂಟಿಗಳು ಒಂದೇ ಆಗಿದ್ದವು, ವ್ಯತ್ಯಾಸ ವಿರೋಧದ್ದು ಮಾತ್ರ. ಈ ಹೋಲಿಕೆಯಲ್ಲಿ ವಾಲ್‌ಮಾರ್ಟಿನ ದೊಡ್ಡ ಮಾದರಿಯ ಮಳಿಗೆಯಾದ ಸೂಪರ್‌ಸೆಂಟರ್ ಬಂದ ಕಡೆ ಒಟ್ಟು ಉದ್ಯೋಗವೂ ಒಟ್ಟು ಗಳಿಕೆಯೂ ಗಣನೀಯವಾಗಿ ಇಳಿದಿದ್ದವು. ಸಣ್ಣ ಊರಿನಲ್ಲಿ ಕೆಲಸ ಕೊಡುವವನು ಒಬ್ಬನೇ ಆಗಿ ಬೆಳೆದಾಗ ಕೂಲಿ ನಿಗದಿಪಡಿಸುವ ಬಲವೂ ಅವನ ಕೈಗೇ ಹೋಗುತ್ತದೆ ಎಂಬುದು ಅವರು ಕೊಡುವ ವಿವರಣೆ. ಪ್ರಗತಿಗೆ ಅಡ್ಡಗಾಲು ಎನಿಸಿಕೊಂಡಿದ್ದ ಊರುಗಳೇ ಈ ಪ್ರಶ್ನೆಗೆ ಉತ್ತರ ಒದಗಿಸಿದವು ಎಂಬುದು ನನಗೆ ತುಂಬ ಮುಖ್ಯವಾಗಿ ಕಾಣುತ್ತದೆ.

ಇಷ್ಟಾದರೂ ಮಳಿಗೆ ನೂರು ವರ್ಷ ನಿಲ್ಲುವುದಾದರೆ ಊರು ಹೇಗೋ ಹೊಂದಿಕೊಳ್ಳಬಹುದು. ಆದರೆ ಹಾಗೆ ನಿಲ್ಲುವ ಖಾತ್ರಿಯಿಲ್ಲ. 2016ರ ಜನವರಿಯಲ್ಲಿ ವಾಲ್‌ಮಾರ್ಟ್ ಜಗತ್ತಿನಾದ್ಯಂತ 269 ಮಳಿಗೆಗಳನ್ನು ಮುಚ್ಚುವುದಾಗಿ ಪ್ರಕಟಿಸಿತು, ಅವುಗಳಲ್ಲಿ 154 ಅಮೆರಿಕದವು. ನಾರ್ತ್ ಕೆರೊಲಿನಾ ರಾಜ್ಯದ ಓರಿಯೆಂಟಲ್ ಎಂಬ ಊರು ಆ ಪಟ್ಟಿಯಲ್ಲಿತ್ತು. ಸಾವಿರಕ್ಕೂ ಕಡಿಮೆ ಜನರಿರುವ ಕರಾವಳಿಯ ಊರು. 2014ರಲ್ಲಿ ಕಂಪನಿ ಅಲ್ಲಿ ತನ್ನ ಸಣ್ಣ ಮಾದರಿಯ ಅಂಗಡಿ ತೆರೆದಿತ್ತು. ದಶಕಗಳಿಂದ ಊರಿಗೆ ದಿನಸಿ ಒದಗಿಸುತ್ತಿದ್ದ ಸ್ಥಳೀಯ ಅಂಗಡಿ ಪೈಪೋಟಿ ತಾಳಲಾರದೆ 2015ರ ಶರತ್ಕಾಲದಲ್ಲಿ ಬಾಗಿಲು ಹಾಕಿತು. ಕೆಲವೇ ತಿಂಗಳಿಗೆ ವಾಲ್‌ಮಾರ್ಟೂ ಹೊರಡುವ ಮಾತಾಡಿದಾಗ ಊರಿನೊಳಗೆ ದಿನಸಿಗೆ ಬೇರೆ ಅಂಗಡಿಯೇ ಉಳಿದಿರಲಿಲ್ಲ. ಅದೇ ಪಟ್ಟಿಯಲ್ಲಿ ವೆಸ್ಟ್ ವರ್ಜೀನಿಯಾದ ಮ್ಯಾಕ್‌ಡೊವೆಲ್ ಕೌಂಟಿಯ ದೊಡ್ಡ ಮಳಿಗೆಯೂ ಇತ್ತು. ಕಲ್ಲಿದ್ದಲ ಗಣಿಗಳು ಮುಚ್ಚಿದ ಮೇಲೆ ಬಡತನದಲ್ಲಿ ಉಳಿದ ನಾಡು ಅದು. 2005ರಲ್ಲಿ ಬಂದ ಮಳಿಗೆ ಅಲ್ಲಿನ ಅತಿ ದೊಡ್ಡ ಉದ್ಯೋಗದಾತರಲ್ಲೊಂದಾಗಿತ್ತು. ಅದು ಹೋದಾಗ ಸುಮಾರು 140 ಜನರ ಕೆಲಸವೂ ಹೋಯಿತು. ಲಾಭವಿಲ್ಲದ ಅಂಗಡಿಯನ್ನು ಯಾರೂ ನಡೆಸಬೇಕಾಗಿಲ್ಲ, ಕಂಪನಿ ಯಾವ ಕಾನೂನನ್ನೂ ಮುರಿಯಲಿಲ್ಲ. ನಾನು ಹೇಳುತ್ತಿರುವುದೂ ಅದನ್ನೇ. ದೂರದ ಕಚೇರಿಯ ಲೆಕ್ಕದಲ್ಲಿ ಇಂಥ ಮಳಿಗೆ 269ರಲ್ಲಿ ಒಂದು. ಅದು ಇದ್ದ ಊರಿಗೆ ಅದೊಂದೇ. ಸ್ಥಳೀಯ ಅಂಗಡಿಯವನೂ ನಷ್ಟವಾದರೆ ಮುಚ್ಚುತ್ತಾನೆ. ಆದರೆ ಊರಿನ ಹತ್ತಿಪ್ಪತ್ತು ಅಂಗಡಿಗಳು ಒಂದೇ ದಿನ, ಒಂದೇ ಆದೇಶಕ್ಕೆ ಮುಚ್ಚುವುದಿಲ್ಲ.

ಹೊರಟುಹೋದ ಮೇಲೆ ಉಳಿಯುವ ಕಟ್ಟಡದ ಕಥೆ ಇನ್ನೂ ವಿಚಿತ್ರ. ಮಿಷಿಗನ್ ರಾಜ್ಯದ ಉತ್ತರ ಭಾಗದಲ್ಲಿ ಎಸ್ಕನಾಬಾ ಎಂಬ ಊರಿದೆ, ಹನ್ನೆರಡು ಸಾವಿರ ಜನ. ಮನೆ ಕಟ್ಟುವ ಸಾಮಗ್ರಿ ಮಾರುವ ಮೆನಾರ್ಡ್ಸ್ ಕಂಪನಿಯ ದೊಡ್ಡ ಮಳಿಗೆ ಅಲ್ಲಿ ಚೆನ್ನಾಗಿಯೇ ನಡೆಯುತ್ತಿತ್ತು. ಆಸ್ತಿ ತೆರಿಗೆಯ ಮೌಲ್ಯಮಾಪನ ಪ್ರಶ್ನಿಸಿ ಕಂಪನಿ ತೆರಿಗೆ ನ್ಯಾಯಮಂಡಳಿಗೆ ಹೋಯಿತು. ಬೇರೆ ಕಡೆಗಳಲ್ಲಿ ಖಾಲಿ ಬಿದ್ದ ಇಂಥ ಕಟ್ಟಡಗಳು ಎಷ್ಟು ಅಗ್ಗಕ್ಕೆ ಮಾರಾಟವಾಗಿವೆ ನೋಡಿ, ನಮ್ಮದಕ್ಕೂ ಅಷ್ಟೇ ಬೆಲೆ ಕಟ್ಟಿ ಎಂಬುದು ಅದರ ವಾದ. ನ್ಯಾಯಮಂಡಳಿ ಒಪ್ಪಿ ಮೌಲ್ಯವನ್ನು ಅರ್ಧಕ್ಕಿಂತ ಕೆಳಗೆ ಇಳಿಸಿತು. ಆ ಖಾಲಿ ಕಟ್ಟಡಗಳು ಅಷ್ಟು ಅಗ್ಗವಾದದ್ದೇಕೆ? ಬಿಟ್ಟುಹೋಗುವ ಕಂಪನಿಗಳೇ ಕ್ರಯಪತ್ರದಲ್ಲಿ, ಇಲ್ಲಿ ಮುಂದೆ ನಮ್ಮ ಪ್ರತಿಸ್ಪರ್ಧಿ ಅಂಗಡಿ ತೆರೆಯಕೂಡದು ಎಂಬ ಷರತ್ತು ಬರೆಸಿರುತ್ತವೆ. ದೊಡ್ಡ ಅಂಗಡಿಗಷ್ಟೇ ಒಗ್ಗುವ ಕಟ್ಟಡವನ್ನು ದೊಡ್ಡ ಅಂಗಡಿಗೆ ಮಾರಲಾಗದಂತೆ ಕಟ್ಟಿಹಾಕಿದರೆ ಬೆಲೆ ಎಲ್ಲಿಂದ ಬಂದೀತು? ಎಸ್ಕನಾಬಾ ಪಟ್ಟುಬಿಡದೆ ಮೇಲ್ಮನವಿ ಹೋಯಿತು. 2016ರಲ್ಲಿ ಮಿಷಿಗನ್ ಮೇಲ್ಮನವಿ ನ್ಯಾಯಾಲಯ ಇಂಥ ಷರತ್ತಿನ ಮಾರಾಟಗಳನ್ನು ಹೋಲಿಕೆಗೆ ಹಿಡಿದದ್ದು ಸರಿಯಲ್ಲವೆಂದು ನ್ಯಾಯಮಂಡಳಿಯ ಆದೇಶವನ್ನು ರದ್ದುಮಾಡಿತು. ಊರು ಗೆದ್ದಿತು, ಆದರೆ ಒಂದು ಸಣ್ಣ ಪುರಸಭೆ ದೇಶವ್ಯಾಪಿ ಕಂಪನಿಗಳ ವಕೀಲರ ಎದುರು ಎಷ್ಟು ಸಲ ಹೀಗೆ ನಿಲ್ಲಬಲ್ಲುದು? ಮಳಿಗೆ ಬಂದರೆ ಆಸ್ತಿ ತೆರಿಗೆಯ ಹೊಳೆ ಹರಿಯುತ್ತದೆ ಎಂಬ ಭರವಸೆಯನ್ನು ಕೇಳುವಾಗ ಈ ಮೊಕದ್ದಮೆ ನೆನಪಿರಬೇಕು.

ಎದುರು ವಾದಗಳಲ್ಲಿ ತೂಕವಿರುವುದು ಬೆಲೆಯ ವಾದಕ್ಕೆ. ಮಳಿಗೆ ಬಂದರೆ ಬೆಲೆ ಇಳಿಯುತ್ತದೆ ಎಂಬುದು ಜಾಹೀರಾತಿನ ಮಾತಷ್ಟೇ ಅಲ್ಲ. ಬಾಸ್ಕರ್ ಅವರದೇ ಇನ್ನೊಂದು ಅಧ್ಯಯನ ಆಸ್ಪಿರಿನ್, ಬಟ್ಟೆ ಒಗೆಯುವ ಪುಡಿ, ಟೂತ್‌ಪೇಸ್ಟ್, ಶಾಂಪೂಗಳಂಥ ದಿನಬಳಕೆಯ ವಸ್ತುಗಳ ಬೆಲೆ ಊರಿನಲ್ಲಿ ದೀರ್ಘಾವಧಿಯಲ್ಲಿ ಶೇ 7ರಿಂದ 13ರಷ್ಟು ಇಳಿದುದನ್ನು ತೋರಿಸಿದೆ. ಆದಾಯದ ದೊಡ್ಡ ಪಾಲನ್ನು ಇಂಥವಕ್ಕೇ ಖರ್ಚು ಮಾಡುವ ಬಡ ಕುಟುಂಬಕ್ಕೆ ಇದು ಸಣ್ಣ ಮಾತಲ್ಲ. ತಿಂಗಳ ಕೊನೆಯ ವಾರವನ್ನು ಎಣಿಸಿ ಕಳೆಯುವವರಿಗೆ, ಪೇಟೆಬೀದಿಯ ಸೊಬಗು ಉಳಿಸಲು ನೀವು ಶಾಂಪೂವಿಗೆ ಹೆಚ್ಚು ಕೊಡಿ ಎಂದು ಉಪದೇಶಿಸುವ ಹಕ್ಕು ಯಾರಿಗೂ ಇಲ್ಲ. ಗ್ರೀನ್‌ಫೀಲ್ಡಿನಲ್ಲಿ ಬೇಕು ಎಂದು ಮತ ಹಾಕಿದ ಅನೇಕರ ಮನಸ್ಸಿನಲ್ಲಿ ಇದೇ ಇದ್ದಿರಬೇಕು, ಅವರ ಲೆಕ್ಕ ತಪ್ಪೆಂದು ನಾನು ಹೇಳುವುದಿಲ್ಲ. ಅದು ಅರ್ಧ ಲೆಕ್ಕ ಎನ್ನುತ್ತೇನೆ. ಕೊಳ್ಳುವವರೂ ದುಡಿಯುವವರೂ ಒಂದೇ ಊರಿನ ಜನ. ಗಳಿಕೆ ಇಳಿದರೆ ಇಳಿದ ಬೆಲೆಯ ಲಾಭವನ್ನು ಅದು ತಿನ್ನುತ್ತದೆ. ಪೇಟೆಯ ಆಸ್ತಿಗಳ ಮೌಲ್ಯ ಕುಸಿದು ತೆರಿಗೆ ಖೋತಾ ಆದರೆ ಆ ತೆರಿಗೆಯಿಂದ ನಡೆಯುವ ಶಾಲೆಯ ಖರ್ಚನ್ನು ಮನೆ ಇರುವವರೇ ತುಂಬಬೇಕು. ಹತ್ತಿರದ ಔಷಧಿ ಅಂಗಡಿ ಮುಚ್ಚಿದರೆ ಕಾರಿಲ್ಲದ ಮುದುಕರಿಗೆ ಹೆದ್ದಾರಿಯ ಪಕ್ಕದ ಅಗ್ಗದ ಬೆಲೆ ಕೈಗೆ ಎಟುಕುವುದಿಲ್ಲ. ಈ ಕೂಡು-ಕಳೆಯ ಕೊನೆಗೆ ಲಾಭವೇ ಉಳಿಯಬಹುದು, ನಷ್ಟವೂ ಉಳಿಯಬಹುದು, ಅದು ಊರಿಂದೂರಿಗೆ ಬೇರೆ. ನೋಡದೆ ಒಪ್ಪುವುದು ಸರಿಯಲ್ಲ ಎಂಬುದಷ್ಟೇ ವಿರೋಧಿಗಳ ಹಟ.

ವಿರೋಧದ ಹಿಂದೆ ಅಂಗಡಿಯವರ ಸ್ವಾರ್ಥವಿದೆ ಎಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಇದ್ದೇ ಇರುತ್ತದೆ. ಕಂಪನಿಯ ಬೆಂಬಲದ ಹಿಂದೆ ಜಮೀನು ಮಾರುವವರ ಸ್ವಾರ್ಥವೂ ಇರುತ್ತದೆ. ವಾದ ಮಾಡುವವನ ಲಾಭ ನೋಡಿ ವಾದವನ್ನು ತೂಗುವುದಾದರೆ ಯಾವ ವಾದವೂ ಉಳಿಯದು. ಕಷ್ಟದ ಆಕ್ಷೇಪ ಬೇರೆ ಇದೆ. ಗ್ರೀನ್‌ಫೀಲ್ಡಿನ ಮುಖ್ಯ ಬೀದಿಯಲ್ಲಿ 1882ರಿಂದ ನಡೆಯುತ್ತಿದ್ದ ವಿಲ್ಸನ್ಸ್ ಡಿಪಾರ್ಟ್‌ಮೆಂಟ್ ಸ್ಟೋರ್ ಆ ಮತದಾನದ ನಂತರ ಸುಮಾರು ಕಾಲು ಶತಮಾನ ಬದುಕಿ, 2020ರಲ್ಲಿ ಮಾಲೀಕರು ನಿವೃತ್ತರಾಗುವಾಗ ಮುಚ್ಚಿತು. ಹಾಗಾದರೆ ಅಷ್ಟೆಲ್ಲ ಹೋರಾಡಿ ಬಂದದ್ದೇನು ಎಂದು ಕೇಳಬಹುದು. ಇಪ್ಪತ್ತಾರು ವರ್ಷ ಸಂಬಳ ಕೊಟ್ಟ, ತೆರಿಗೆ ಕಟ್ಟಿದ, ಬೀದಿಗೆ ಜನರನ್ನು ಕರೆತಂದ ಅಂಗಡಿಯನ್ನು ಸೋಲಿನ ಉದಾಹರಣೆ ಎನ್ನಲು ನನಗೆ ಮನಸ್ಸಿಲ್ಲ. ಯಾವ ಅಂಗಡಿಯೂ ಶಾಶ್ವತವಲ್ಲ. ವಿಲ್ಸನ್ಸ್ ಮುಚ್ಚಿದಾಗ ಉಳಿದದ್ದು ಊರ ನಡುವೆ ಇರುವ, ಮನೆಯೋ ಕಚೇರಿಯೋ ಇನ್ನೊಂದು ಅಂಗಡಿಯೋ ಆಗಬಲ್ಲ ಕಟ್ಟಡ.

ಈ ಪೂರ್ತಿ ಲೆಕ್ಕವನ್ನು ಕಾನೂನಿನ ಮೂಲಕವೇ ಕೇಳುವ ರಾಜ್ಯ ವರ್ಮಾಂಟ್. 1970ರಲ್ಲಿ ಅಲ್ಲಿ ಆಕ್ಟ್ 250 ಎಂಬ ಶಾಸನ ಬಂತು. ಅದಕ್ಕೆ ಸಹಿ ಹಾಕಿದ ಗವರ್ನರ್ ಡೀನ್ ಡೇವಿಸ್ ರಿಪಬ್ಲಿಕನ್ ಪಕ್ಷದವರು, ಅದಕ್ಕೂ ಮೊದಲು ವಿಮಾ ಕಂಪನಿಯೊಂದರ ಅಧ್ಯಕ್ಷರಾಗಿದ್ದವರು. ಉದ್ಯಮದ ಶತ್ರು ಎಂದು ಅವರನ್ನು ಯಾರೂ ಕರೆಯಲಾರರು. ದೊಡ್ಡ ಯೋಜನೆ ಯಾವುದೇ ಇರಲಿ, ನೀರು, ಮಣ್ಣು, ಸಂಚಾರ, ಶಾಲೆ, ಊರಿನ ಬೊಕ್ಕಸ ಮೊದಲಾದ ಹತ್ತು ಮಾನದಂಡಗಳನ್ನು ದಾಟಿ ಬರಬೇಕು ಎಂದು ಆ ಶಾಸನ ಹೇಳುತ್ತದೆ. 1993ರಲ್ಲಿ ಸೇಂಟ್ ಆಲ್ಬನ್ಸ್ ಎಂಬಲ್ಲಿ ಊರಾಚೆಯ ಹೊಲದಲ್ಲಿ ವಾಲ್‌ಮಾರ್ಟ್ ಕಟ್ಟುವ ಪ್ರಸ್ತಾಪ ಬಂದಾಗ ಸ್ಥಳೀಯರೂ ಪರಿಸರ ಸಂಘಟನೆಗಳೂ ಇದೇ ಶಾಸನ ಹಿಡಿದು ನಿಂತರು. ಅದೇ ವರ್ಷ ಪಾರಂಪರಿಕ ಕಟ್ಟಡಗಳ ರಕ್ಷಣೆಯ ರಾಷ್ಟ್ರೀಯ ಟ್ರಸ್ಟ್ ವರ್ಮಾಂಟ್ ರಾಜ್ಯವನ್ನು ಇಡಿಯಾಗಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ರಾಜ್ಯದ ಪರಿಸರ ಮಂಡಳಿ ಅನುಮತಿ ನಿರಾಕರಿಸಿತು, 1997ರಲ್ಲಿ ವರ್ಮಾಂಟ್ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ತೀರ್ಪಿನ ತಿರುಳು ಬಹಳ ನಯವಾದದ್ದು. ಹಳೆಯ ಅಂಗಡಿಗೆ ಪೈಪೋಟಿ ಆಗುತ್ತದೆ ಎಂಬುದೊಂದೇ ಕಾರಣವಾಗದು. ಆದರೆ ಆ ಪೈಪೋಟಿಯಿಂದ ಅಂಗಡಿಗಳು ಮುಚ್ಚಿ, ಆಸ್ತಿ ಮೌಲ್ಯ ಕುಸಿದು, ಸಾರ್ವಜನಿಕ ಬೊಕ್ಕಸಕ್ಕೆ ಹೊರೆ ಬೀಳುವುದಾದರೆ ಅದನ್ನು ಪರಿಗಣಿಸಬಹುದು. ವ್ಯಾಪಾರಿಯ ನಷ್ಟವನ್ನೂ ಊರಿನ ನಷ್ಟವನ್ನೂ ಬೇರ್ಪಡಿಸಿ ನೋಡುವ ಈ ದೃಷ್ಟಿ ನನಗೆ ಇಡೀ ವಿವಾದದ ಕೀಲಿಕೈ ಎನಿಸುತ್ತದೆ.

ಈ ಬಿಗಿ ಕಂಪನಿಯನ್ನು ಓಡಿಸಲಿಲ್ಲ, ಬಾಗಿಸಿತು. 1995ರಲ್ಲಿ ವರ್ಮಾಂಟಿನ ಮೊದಲ ವಾಲ್‌ಮಾರ್ಟ್ ಬೆನಿಂಗ್ಟನ್‌ನಲ್ಲಿ ಆಗಲೇ ಇದ್ದ ಒಂದು ಹಳೆಯ ಅಂಗಡಿ ಕಟ್ಟಡದಲ್ಲಿ ತೆರೆಯಿತು. 1997ರಲ್ಲಿ ರಟ್‌ಲೆಂಡ್ ಊರಿನಲ್ಲಿ ಪೇಟೆಯ ನಡುವೆಯೇ, ಹಿಂದೆ ಕೆಮಾರ್ಟ್ ಎಂಬ ಮಳಿಗೆ ಇದ್ದ ಜಾಗದಲ್ಲಿ, ತನ್ನ ಎಂದಿನ ಅಳತೆಗಿಂತ ತುಂಬ ಚಿಕ್ಕದಾಗಿ ಬಂತು. ಊರು ಇಲ್ಲ ಎನ್ನಬಲ್ಲದು ಎಂಬುದು ಖಾತ್ರಿಯಾದಾಗ ಎಲ್ಲಿ, ಎಷ್ಟು ದೊಡ್ಡದು ಎಂಬ ಚೌಕಾಸಿ ಸಾಧ್ಯವಾಗುತ್ತದೆ. ಸೇಂಟ್ ಆಲ್ಬನ್ಸ್‌ನಲ್ಲಿಯೇ ಎರಡನೆಯ ಸುತ್ತಿನ ವ್ಯಾಜ್ಯದ ನಂತರ 2011ರಲ್ಲಿ ಸುಪ್ರೀಂ ಕೋರ್ಟ್ ಅನುಮತಿಯನ್ನು ಒಪ್ಪಿತು, 2013ರಲ್ಲಿ ಮಳಿಗೆ ಬಾಗಿಲು ತೆರೆಯಿತು. ಇಪ್ಪತ್ತು ವರ್ಷ ಎಳೆದಾಡಿದ್ದು ವ್ಯರ್ಥವೆಂದು ಕಂಪನಿಯ ಪರ ಇದ್ದವರು ಹೇಳುತ್ತಾರೆ. ಇಷ್ಟು ಕಾಲ ಹಿಡಿದದ್ದು ಸರಿಯಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಜಮೀನಿನ ಒಡೆಯನಿಗೂ ಊರಿಗೂ ಉತ್ತರ ಬೇಗ ಸಿಗಬೇಕು. ಆದರೆ ಆ ಅವಧಿ ಪೇಟೆಬೀದಿಗೆ ತನ್ನನ್ನು ತಾನು ಸಜ್ಜುಗೊಳಿಸಿಕೊಳ್ಳಲು ಸಿಕ್ಕ ಸಮಯವೂ ಹೌದು.

ಈಗ ಎಲ್ಲರೂ ಫೋನಿನಲ್ಲೇ ಕೊಳ್ಳುವಾಗ ಈ ಜಗಳಕ್ಕೆ ಅರ್ಥವಿದೆಯೇ ಎಂದು ಕೇಳುವವರಿದ್ದಾರೆ. 2018ರಲ್ಲಿ ಇದೇ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಕೊಟ್ಟು ಬೆಂಗಳೂರಿನ ಫ್ಲಿಪ್‌ಕಾರ್ಟ್‌ನ ಶೇ 77ರಷ್ಟು ಪಾಲನ್ನು ಕೊಂಡಿತು. ಕರ್ನಾಟಕದ ಯಾವ ಊರಿನ ಯಾವ ಸಭೆಯ ಮುಂದೆಯೂ ಅದು ಜಮೀನು ಕೇಳಿಕೊಂಡು ಬರಬೇಕಾಗಲಿಲ್ಲ. ಆನ್‌ಲೈನ್ ವ್ಯಾಪಾರದ ಎದುರು ಪುರಸಭೆಯ ಕೈಯಲ್ಲಿ ಮತವೂ ಇಲ್ಲ, ಮಾನದಂಡವೂ ಇಲ್ಲ. ಹಾಗಿರುವಾಗ ನೆಲದ ಮೇಲೆ ಕಟ್ಟಡ ಏಳುವ ಕಡೆಯಲ್ಲಾದರೂ ಇರುವ ಅಧಿಕಾರವನ್ನು ಊರುಗಳು ಬಿಟ್ಟುಕೊಡಬಾರದು ಎಂದೇ ನಾನು ಹೇಳುವುದು.

ಆ ಅಧಿಕಾರವನ್ನು ಜಗಳವಿಲ್ಲದೆ ಬಳಸುವ ದಾರಿಯನ್ನು ಮೇಯ್ನ್ ರಾಜ್ಯ ತೋರಿಸಿತ್ತು. 2007ರಲ್ಲಿ ಅಲ್ಲಿ ಬಂದ ಕಾನೂನಿನಂತೆ 75,000 ಚದರಡಿಗಿಂತ ದೊಡ್ಡ ಮಳಿಗೆಯ ಅರ್ಜಿ ಬಂದರೆ ಕೆಲಸ, ಕೂಲಿ, ಹಳೆಯ ಅಂಗಡಿಗಳು, ಊರಿನ ಖರ್ಚು ಇವೆಲ್ಲದರ ಮೇಲಿನ ಪರಿಣಾಮವನ್ನು ಸ್ವತಂತ್ರ ತಜ್ಞರು ಅಧ್ಯಯನ ಮಾಡಬೇಕಿತ್ತು. ಅದರ ಖರ್ಚು ಅರ್ಜಿದಾರರದಾಗಿತ್ತು. ವರದಿಯನ್ನು ಬಹಿರಂಗ ಸಭೆಯಲ್ಲಿ ಚರ್ಚಿಸಿ ಊರು ತೀರ್ಮಾನಿಸಬೇಕಿತ್ತು. 2011ರಲ್ಲಿ ಆ ಕಾನೂನನ್ನು ಸಡಿಲಿಸಿ, ಅಧ್ಯಯನ ಬೇಕೋ ಬೇಡವೋ ಎಂಬುದನ್ನು ಆಯಾ ಊರಿನ ಇಷ್ಟಕ್ಕೆ ಬಿಡಲಾಯಿತು. ನನ್ನ ದೃಷ್ಟಿಯಲ್ಲಿ ಅದು ಹಿಂದಿಟ್ಟ ಹೆಜ್ಜೆ. ಅಧ್ಯಯನ ಕೇಳುವ ಊರನ್ನು ಬಿಟ್ಟು ಕೇಳದ ಪಕ್ಕದ ಊರಿಗೆ ಕಂಪನಿ ಹೋದರೆ ತೆರಿಗೆ ಆ ಊರಿಗೆ, ಪೆಟ್ಟು ಈ ಊರಿಗೆ ಎಂಬುದನ್ನು ಅಯೋವಾದ ಅಂಕಿಗಳು ಎಂದೋ ತೋರಿಸಿವೆ. ಆದ್ದರಿಂದ ಈ ಅಧ್ಯಯನ ರಾಜ್ಯವಿಡೀ ಕಡ್ಡಾಯವಾಗಬೇಕು. ಅದರ ಜೊತೆಗೆ, ಬಿಟ್ಟುಹೋಗುವಾಗ ಪ್ರತಿಸ್ಪರ್ಧಿಗೆ ಕಟ್ಟಡ ಮಾರಕೂಡದೆಂಬ ಷರತ್ತು ಬರೆಸುವಂತಿಲ್ಲ ಎಂದು ಅನುಮತಿಪತ್ರದಲ್ಲೇ ನಮೂದಾಗಬೇಕು. ಇಂತಿಷ್ಟು ವರ್ಷ ಖಾಲಿ ಬಿದ್ದ ಕಟ್ಟಡವನ್ನು ಕೆಡವಿ ನೆಲವನ್ನು ಹಸನು ಮಾಡಲು ಬೇಕಾಗುವ ಹಣವನ್ನು ಕಂಪನಿ ಮೊದಲ ದಿನವೇ ಠೇವಣಿ ಇಡಬೇಕು. ದಶಕಗಳ ಕಾಲ ಇಲ್ಲೇ ಇರುತ್ತೇವೆ ಎಂದು ಸಭೆಯಲ್ಲಿ ಮಾತು ಕೊಡುವ ಕಂಪನಿಗೆ ಆ ಠೇವಣಿ ಭಾರವಾಗಬೇಕಾದ ಕಾರಣವಿಲ್ಲ.